ಆರಿದೆಯೇ ನೋಡಿ

ಯಂತ್ರದ ಬೆನ್ನಿಗೂ ಗೋಡೆಗೂ ನಡುವೆ ಒಬ್ಬ ಮನುಷ್ಯ ಕುಕ್ಕರುಗಾಲಲ್ಲಿ ಕೂರುವಷ್ಟು ಜಾಗವಿತ್ತು. ಆ ಮನುಷ್ಯ ನರಸಪ್ಪನಷ್ಟು ದಪ್ಪಗಿರಬಾರದಿತ್ತು, ಅಷ್ಟೆ. ಹೊಟ್ಟೆಯನ್ನು ಒಳಗೆ ಎಳೆದುಕೊಂಡು, ಬಾಯಲ್ಲಿ ಟಾರ್ಚು ಕಚ್ಚಿಕೊಂಡು, ಅವನು ಡ್ರೈಯರಿನ ಹಿಂದಿನ ತಗಡಿನ ತಿರುಪುಗಳನ್ನು ಬಿಚ್ಚುತ್ತಿದ್ದ. ಊಟದ ಸೈರನ್ ಆಗಿ ಎಲ್ಲರೂ ಕ್ಯಾಂಟೀನಿಗೆ ಹೋಗುವ ಹೊತ್ತನ್ನೇ ಕಾದು ಬಂದಿದ್ದ. ಇದೇ ತಗಡನ್ನು ಅವನು ಎಷ್ಟೋ ಸಲ ಬಿಚ್ಚಿ ಅಷ್ಟೇ ಸಲ ಮುಚ್ಚಿದ್ದು ಇಡೀ ಕಾರ್ಖಾನೆಗೆ ಗೊತ್ತಿತ್ತು, ಇನ್ನೊಂದು ಸಲ ಬಿಚ್ಚಿದ್ದು ಗೊತ್ತಾಗುವುದು ಬೇಕಿರಲಿಲ್ಲ. ಜರ್ಮನಿಯಿಂದ ಹಡಗಿನಲ್ಲಿ ಮದರಾಸಿಗೆ, ಮದರಾಸಿನಿಂದ ಲಾರಿಯಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಬಂದಿಳಿದ ಯಂತ್ರ ಅದು. ಧೂಳು ಸೋಕಬಾರದ ಕೋಣೆಯಲ್ಲಿ ಕೂತು ಕೂದಲಿಗಿಂತ ಸಣ್ಣ ತಂತಿ ಬೆಸೆಯುವವರ ಬಿಳಿ ಕೋಟುಗಳನ್ನು ಹೊರಗೆ ಹಗ್ಗದ ಮೇಲೆ ಹರವಿದರೆ ಹೊಸೂರು ರಸ್ತೆಯ ಕೆಂಪು ಮಣ್ಣೆಲ್ಲ ಬಂದು ಅವುಗಳ ಮೇಲೆ ಕೂರುತ್ತಿತ್ತು. ಅದಕ್ಕೇ ಇದನ್ನು ತರಿಸಿದ್ದರು. ಒಗೆದ ಕೋಟು ತುಂಬಿ, ಬಾಗಿಲು ಹಾಕಿ, ಗುಂಡಿ ಒತ್ತಿದರೆ ಮೇಲೆ ಒಂದು ಕೆಂಪು ದೀಪ ಹತ್ತಿಕೊಂಡು ಒಳಗಿನ ಪೀಪಾಯಿ ತಿರುಗತೊಡಗುತ್ತದೆ. ಬಟ್ಟೆ ಒಣಗಿ, ಅದರ ಕಾವೂ ಇಳಿದ ಮೇಲೆ ಯಂತ್ರ ತಂತಾನೇ ನಿಲ್ಲಬೇಕು. ನಿಲ್ಲುತ್ತಿರಲಿಲ್ಲ. ಸಂಜೆ ಕೆಲಸ ಮುಗಿಸಿ ಹೋಗುವಾಗ ಮೇನ್ ಸ್ವಿಚ್ಚನ್ನೇ ಇಳಿಸಿ ಅದರ ಬಾಯಿ ಮುಚ್ಚಿಸಬೇಕಾಗಿತ್ತು. ಕೋಟುಗಳು ಕಾದು ಕಾದು ಕಾಲರಿನ ಕಡೆ ಹಳದಿಗಟ್ಟಿದ್ದವು, ಒಂದೆರಡು ತೋಳು ಗಿಡ್ಡಾಗಿ ಮಕ್ಕಳ ಅಂಗಿಯಂತಾಗಿದ್ದವು.

ನಿಲ್ಲುವುದಿಲ್ಲ ಎಂಬ ದೂರನ್ನಾದರೂ ಪೂರ್ತಿ ನಂಬೋಣವೆಂದರೆ ಅದಕ್ಕೂ ಯಂತ್ರ ಬಿಡುತ್ತಿರಲಿಲ್ಲ. ನರಸಪ್ಪ ಬಂದು ಎದುರಿಗೆ ಸ್ಟೂಲು ಹಾಕಿಕೊಂಡು ಕೂತರೆ ಪರೀಕ್ಷೆಗೆ ಕೂತ ಹುಡುಗನ ಹಾಗೆ ತೆಪ್ಪಗೆ ತಿರುಗಿ, ತೆಪ್ಪಗೆ ನಿಂತು, ದೀಪವನ್ನೂ ಹೋಗಿಸಿಕೊಂಡು ಮುಗ್ಧವಾಗಿ ಅವನನ್ನೇ ನೋಡುತ್ತಿತ್ತು. ಅವನು ಎದ್ದು ಹೋದನೋ, ಮತ್ತೆ ಶುರು. ಮೊದಲ ದಿನ ಅವನು ವೋಲ್ಟೇಜನ್ನು ಬೈದ. ಎರಡನೆಯ ಸಲ ನೂಲಿನ ಹೊಟ್ಟು ತುಂಬುವ ಜಾಲರಿಯನ್ನು ಬೈದ, ಅದನ್ನು ಕಳಚಿ ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕಿ ತೊಳೆದ. ಆಮೇಲೆ ಥರ್ಮೋಸ್ಟ್ಯಾಟ್ ಬದಲಾಯಿಸಿದ. ಬದಲಾಯಿಸಿ ತೆಗೆದ ಹಳೆಯದನ್ನು ಪರೀಕ್ಷೆ ಮಾಡಿದರೆ ಅದೂ ಸರಿಯಾಗಿಯೇ ಇತ್ತು. ಸರಿಯಾಗಿರುವ ವಸ್ತುವಿನಷ್ಟು ಮನುಷ್ಯನನ್ನು ಗೋಳುಹೊಯ್ದುಕೊಳ್ಳುವುದು ಬೇರೆ ಇಲ್ಲ ಎಂದು ಅವನಿಗೆ ಆ ದಿನ ಅನ್ನಿಸಿತು. ರಾತ್ರಿ ಕಣ್ಣು ಮುಚ್ಚಿದರೂ ತಲೆಯೊಳಗೆ ಪೀಪಾಯಿ ತಿರುಗುತ್ತಿತ್ತು. ಅದರೊಳಗೆ ಬಿಳಿ ಕೋಟುಗಳು ಏರಿ ಏರಿ ಬೀಳುತ್ತಿದ್ದವು. ಪಕ್ಕದಲ್ಲಿ ಮಲಗಿದ್ದ ಹೆಂಡತಿ ಅನುಸೂಯಮ್ಮ, “ಸುಮ್ನೆ ಮಲ್ಕೊಳ್ರೀ, ಎಷ್ಟ್ ಸಲ ಮಗ್ಗುಲು ಬದಲಾಯಿಸ್ತೀರಾ,” ಎಂದು ಗದರಿದಾಗ ತಾನೂ ತಿರುಗುತ್ತಿದ್ದೇನೆಂದು ಅವನಿಗೆ ಗೊತ್ತಾಗಿತ್ತು.

ಯಂತ್ರ ಕೆಟ್ಟರೆ ಕೆಟ್ಟಿತು, ಮೇಂಟೆನೆನ್ಸ್ ಸೂಪರ್‌ವೈಸರನ ಬಾಳಿನಲ್ಲಿ ಯಂತ್ರ ಕೆಡುವುದು ದೊಡ್ಡ ಮಾತಲ್ಲ. ಆದರೆ ಈ ಯಂತ್ರದ ಹಣೆಯ ಮೇಲೆ ಅವನ ಬೋರ್ಡಿತ್ತು. ಕಾರ್ಖಾನೆಯ ಕನ್ನಡ ಸಂಘದ ಕಾರ್ಯದರ್ಶಿ ಅವನೇ. ಪ್ರತಿ ಯಂತ್ರದ ಮೇಲೂ ಕನ್ನಡದಲ್ಲಿ ಸೂಚನೆ ಇರಬೇಕು, ಇಂಗ್ಲಿಷ್ ಬಾರದವರೂ ಯಂತ್ರದ ಮುಂದೆ ನಿಲ್ಲುವಂತಾಗಬೇಕು ಎಂದು ಸಭೆಯಿಂದ ಸಭೆಗೆ ಕೂಗಿ ಗಂಟಲು ಕಟ್ಟಿಸಿಕೊಂಡವನೂ ಅವನೇ. ಪುಣೆಯ ಕಡೆಯ ಮ್ಯಾನೇಜರ್ ಸಾಹೇಬರು ಕೊನೆಗೆ, “ಒಂದು ಮೆಷಿನ್ ಮೇಲೆ ಬರೆದು ನೋಡಿ. ಸರಿ ನಡೆದರೆ ರಾಜ್ಯೋತ್ಸವಕ್ಕೆ ಎಲ್ಲಾದಕ್ಕೂ,” ಎಂದಿದ್ದರು. ಆ ಒಂದು ಯಂತ್ರ ಇದು. ರಾಜ್ಯೋತ್ಸವ ಬಂದೇ ಬಿಟ್ಟಿತ್ತು. ಇವತ್ತು ಬೆಳಿಗ್ಗೆ ಸಾಹೇಬರು ಅವನನ್ನು ಕರೆಸಿ, ಕೂರಲು ಹೇಳದೆ, ಬೇಸರವೂ ಇಲ್ಲದ ದನಿಯಲ್ಲಿ, “ನಾಳೆ ನಾನು ಬಂದು ನೋಡುತ್ತೇನೆ, ನರಸಪ್ಪ. ಆಗಲಿಲ್ಲ ಅಂದರೆ ಬೋರ್ಡ್ ತೆಗೆಯೋಣ, ಇಂಗ್ಲಿಷ್ ಓದುವವರನ್ನು ಅಲ್ಲಿ ಹಾಕೋಣ. ಕೋಟು ಒಗೆಯುವ ಆ ಹೆಂಗಸರು ಕ್ಯಾಂಟೀನ್‌ನಲ್ಲಿ ಇರಲಿ,” ಎಂದರು. ಬೈದಿದ್ದರೆ ಬೈಸಿಕೊಳ್ಳಬಹುದಿತ್ತು. ಅವರು ಬೈಯಲಿಲ್ಲ, ಅವನ ತಲೆಯ ಮೇಲಿನ ಗಡಿಯಾರ ನೋಡಿದರು. ಮೆಟ್ಟಿಲಿಳಿಯುವಾಗ ನರಸಪ್ಪನಿಗೆ ತನ್ನ ಚಪ್ಪಲಿಯ ಸದ್ದೇ ಅತಿಯಾಗಿ ಕೇಳಿಸಿ ಒಂದಷ್ಟು ದೂರ ತುದಿಗಾಲಲ್ಲಿ ನಡೆದ.

ಹಿಂದಿನ ತಗಡು ಕೈಗೆ ಬಂತು. ಒಳಗೆ ಎಲ್ಲವೂ ಇದ್ದ ಹಾಗೇ ಇತ್ತು. ಬೆಲ್ಟು ಬಿಗಿಯಾಗಿತ್ತು, ತಂತಿಗಳು ತಂತಮ್ಮ ಜಾಗದಲ್ಲಿ ಸಂಸಾರ ಮಾಡಿಕೊಂಡಿದ್ದವು. ಇನ್ನೇನು ಹುಡುಕಬೇಕೆಂದು ತಿಳಿಯದೆ ಅವನು ಟಾರ್ಚಿನ ಬೆಳಕಲ್ಲಿ ಸುಮ್ಮನೆ ನೋಡುತ್ತ ಕೂತ. ಅಷ್ಟರಲ್ಲಿ ಬಾಗಿಲು ಸದ್ದಾಗಿ ಬಳೆಗಳ ಸದ್ದೂ ಕೇಳಿಸಿತು. ಕೋಟು ಒಗೆಯುವ ಭಾಗ್ಯಮ್ಮ ಮತ್ತು ಅಶ್ವತ್ಥಮ್ಮ ಊಟವನ್ನು ಬೇಗ ಮುಗಿಸಿ ಬಂದುಬಿಟ್ಟಿದ್ದರು. ಎದ್ದು ನಿಂತು ‘ನಾನಿದ್ದೇನೆ’ ಎನ್ನುವುದು ಮರ್ಯಾದೆ. ಎದ್ದು ನಿಲ್ಲಲು ಮೊದಲು ಬಲಗಾಲನ್ನು ಎಡಗಾಲಿನ ಅಡಿಯಿಂದ ಬಿಡಿಸಿಕೊಳ್ಳಬೇಕಾಗಿತ್ತು. ತಲೆ ಮೀಸೆಯೆಲ್ಲ ನೂಲಿನ ಹೊಟ್ಟು ಮೆತ್ತಿಕೊಂಡು ತಾನು ಯಂತ್ರದ ಹಿಂದಿನಿಂದ ಮೇಲೆದ್ದರೆ ಆ ಹೆಂಗಸರು ಚೀರಿಕೊಳ್ಳುತ್ತಾರೆ, ಆಮೇಲೆ ನಗುತ್ತಾರೆ, ಆ ನಗು ಸಂಜೆಯ ಬಸ್ಸಿನವರೆಗೂ ಬರುತ್ತದೆ ಎಂದು ಲೆಕ್ಕ ಹಾಕುವಷ್ಟರಲ್ಲಿ ಏಳುವ ಹೊತ್ತು ಮೀರಿಹೋಯಿತು. ಈಗ ಎದ್ದರೆ ಇಷ್ಟು ಹೊತ್ತು ಯಾಕೆ ಅಡಗಿದ್ದೆ ಎಂದಾಗುತ್ತದೆ. ಅವನು ಟಾರ್ಚು ಆರಿಸಿ ಕೂತ.

ಮುಂದುಗಡೆ ಒದ್ದೆ ಕೋಟುಗಳು ಪೀಪಾಯಿಗೆ ದಪದಪ ಬಿದ್ದವು. ಗುಂಡಿ ಒತ್ತಿದ ಸದ್ದು. ಅವನ ಮುಖದೆದುರಿಗೇ ಬೆಲ್ಟು ಓಡತೊಡಗಿತು. ಬಿಸಿಗಾಳಿ ಬಂದು ಮೂಗಿಗೆ ಬಡಿಯಿತು.

“ಕೈ ಮುಗಿದ್ಯೇನಕ್ಕಾ?” ಎಂದು ನಕ್ಕಿದ್ದು ಅಶ್ವತ್ಥಮ್ಮ, ಇಬ್ಬರಲ್ಲಿ ಚಿಕ್ಕವಳು.

“ದೀಪ ಅತ್ಕಂಡಾಗ ಕೈ ಮುಗೀಬೇಕು ಕಣೇ. ಯಾವ್ ದೀಪ ಆದ್ರೇನು,” ಎಂದಳು ಭಾಗ್ಯಮ್ಮ.

“ಭಾವ ಎಂಗವ್ರೆ?”

“ಅಂಗೇ ಅವ್ರೆ. ಬೆಳಿಗ್ಗೆ ಎಲ್ಡ್ ಗುಟುಕು ಗಂಜಿ ಕುಡುದ್ರು. ಡಾಕ್ಟ್ರು ನೋಡಾನ ಅಂತವ್ರೆ.”

ಭಾಗ್ಯಮ್ಮನ ಗಂಡ ಲಾರಿ ಕ್ಲೀನರು, ಎದೆಯಲ್ಲಿ ನೀರು ತುಂಬಿ ದೊಡ್ಡಾಸ್ಪತ್ರೆಯಲ್ಲಿ ಮಲಗಿದ್ದ. ನರಸಪ್ಪನಿಗೆ ಅದು ಗೊತ್ತಿತ್ತು. ಗೊತ್ತಿದ್ದೂ ಒಂದು ದಿನವೂ ಹೇಗಿದ್ದಾರೆಂದು ಕೇಳಿರಲಿಲ್ಲವೆಂಬುದು ಈಗ, ಕತ್ತಲಲ್ಲಿ, ಸರಿಯಾಗಿ ಮೊಣಕಾಲು ಜೋಮು ಹಿಡಿಯುವ ಹೊತ್ತಿಗೆ ನೆನಪಾಯಿತು. ಕೇಳಿದ್ದೆಲ್ಲ ಯಂತ್ರದ ಆರೋಗ್ಯವನ್ನೇ. ಸ್ವಲ್ಪ ಹೊತ್ತು ಯಂತ್ರದ ಸದ್ದೊಂದೇ ಇತ್ತು. ಆಮೇಲೆ ಬೆಲ್ಟು ತಟ್ಟನೆ ನಿಂತಿತು. ಇದೇ, ಇದೇ ದೋಷ, ಬೇಡದಾಗ ನಿಲ್ಲುತ್ತಿದೆ ಎಂದು ನರಸಪ್ಪ ಒಳಗೆ ಕೈ ಹಾಕಲು ಹೋದ. ಅಷ್ಟರಲ್ಲಿ ಬಾಗಿಲ ಕೀಲು ಕಿರ್ರೆಂದಿತು.

“ಆರೈತಾ ನೋಡು.”

“ಇನ್ನೂ ಕಂಕುಳತಾವ ತಣ್ಣಗೈತೆ ಕಣಕ್ಕಾ.”

“ಮುಚ್ಚು, ಮುಚ್ಚು. ಒತ್ತು.”

ಬೆಲ್ಟು ಮತ್ತೆ ಓಡಿತು. ಮತ್ತೊಂದಷ್ಟು ಹೊತ್ತಿಗೆ ಮತ್ತೆ ನಿಂತಿತು, ಮತ್ತೆ ಕೀಲು, ಮತ್ತೆ “ಆರೈತಾ?” ಈ ಸಲ, “ಬಿಸಿ ಐತೆ, ಬಿಸೀಲಿ ಗೊತ್ತಾಗಕ್ಕಿಲ್ಲ.” ಅದರ ಮುಂದಿನ ಸಲ ಭಾಗ್ಯಮ್ಮನೇ ನೋಡಿ, “ಆರೈತೆ ಕಣೇ, ಗರಿಗರಿ ಅಂತೈತೆ,” ಎಂದಳು.

“ಮತ್ತೆ ತೆಗ್ಯಾನಾ?”

“ತಾನಾಗೇ ನಿಲ್ತದೆ ಅಂದವ್ರಲ್ಲೇ ಸಾರು. ನಾವೇ ತೆಗ್ದು ಎಚ್ಚುಕಮ್ಮಿ ಆದ್ರೆ? ಮುಚ್ಚು, ನಿಲ್ಲಲಿ, ತೆಗ್ಯಾನ. ಬೋಲ್ಡ್‌ನಾಗೇ ಬರ್ದವ್ರಲ್ಲ, ಆರಿದೆಯೇ ಎಂದು ಆಗಾಗ ನೋಡಿ ಅಂತ. ನೋಡ್ತಾ ಇರಾನ.”

“ಬೋಲ್ಡ್‌ನಾಗೆ ಆರಿದ್ಮೇಲೆ ಬಾಗ್ಲು ತೆಗೀರಿ ಅಂತಾನೂ ಬರ್ದೈತೆ. ತೆಗೀದೆ ಆರಿರಾದು ಎಂಗ್ ಗೊತ್ತಾಗ್ತದೆ? ಗಾಜ್ನಾಗೆ ತಿರುಗೋದ್ ಕಾಣ್ತದೆ, ಆರೋದ್ ಕಾಣ್ತದಾ?”

“ಓದ್ದೋರು ಬರ್ದವ್ರೆ. ಏನೋ ಇರ್ತದೆ.”

“ಏನೋ ಇಲ್ಲ ಬಿಡಕ್ಕಾ. ಈ ಮಿಸನ್ನು ನರಸಪ್ಪ ಸಾರ್ ಇದ್ದಂಗೇ. ಅವ್ರು ಮೀಟಿಂಗ್‌ನಾಗೆ ಮಾತಿಗ್ ನಿಂತ್ರೆ ಮುಗ್ಯಾದ್ ಉಂಟಾ? ಪಾಪ ಒಳ್ಳೇವ್ರು. ಯಾರಾನ ಮೇನ್ ಸ್ವಿಚ್ ಇಳಿಸ್ಬೇಕು, ಅಷ್ಟೇಯ.”

ಇಬ್ಬರೂ ನಕ್ಕರು. ಭಾಗ್ಯಮ್ಮ ನಗಬಾರದೆಂದು ತಡೆದುಕೊಂಡು ನಕ್ಕಿದ್ದು ಸದ್ದಿನಲ್ಲೇ ತಿಳಿಯುತ್ತಿತ್ತು.

ನರಸಪ್ಪನಿಗೆ ಮೊದಲು ಸಿಟ್ಟು ಬಂತು, ಅದೂ ಎರಡು ತರದ ಸಿಟ್ಟು ಒಟ್ಟಿಗೆ ಬಂದುದರಿಂದ ಯಾವುದನ್ನು ಮೊದಲು ಮಾಡಿಕೊಳ್ಳಬೇಕೆಂದು ತೋಚಲಿಲ್ಲ. ಬಾಗಿಲು ತೆಗೆದು ಮುಚ್ಚಿದರೆ ಈ ಯಂತ್ರ ಮಾಡಿದ್ದನ್ನೆಲ್ಲ ಮರೆತು ಮೊದಲಿನಿಂದ ಶುರುಮಾಡುತ್ತದೆ. ಇನ್ನೇನು ನಿಲ್ಲಬೇಕು ಎನ್ನುವಷ್ಟರಲ್ಲಿ ಇವರು ತೆಗೆಯುತ್ತಾರೆ. ದಿನವಿಡೀ ತೆಗೆದಿದ್ದಾರೆ. ತಾನು ಎದುರಿಗಿದ್ದಾಗ ಮಾತ್ರ ಸೆರಗು ಹೊದ್ದು ದೂರ ನಿಂತಿದ್ದಾರೆ. ಕೆಂಪು ದೀಪ ಹೋದ ಮೇಲೆ ಬಾಗಿಲು ತೆಗೆಯಿರಿ ಎಂಬಷ್ಟು ಸಣ್ಣ ಮಾತು ತಲೆಗೆ ಹೋಗದಿದ್ದರೆ ಹೇಗೆ, ಅಷ್ಟು ಚೆನ್ನಾಗಿ ಬರೆದಿದ್ದೇನಲ್ಲ ಎಂದು ಅವನು ಮನಸ್ಸಿನಲ್ಲೇ ಬೋರ್ಡನ್ನು ಓದಿದ. ಆರಿದೆಯೇ ಎಂದು ಆಗಾಗ ನೋಡಿ. ಆರಿದ ಮೇಲೆ ಬಾಗಿಲು ತೆರೆಯಿರಿ. ಇನ್ನೊಮ್ಮೆ ಓದಿದ. ಅದರಲ್ಲಿ ದೀಪವಿರಲಿಲ್ಲ. ಬಟ್ಟೆ ಆರುತ್ತದೆ, ಅನ್ನ ಆರುತ್ತದೆ, ಗಾಯ ಆರುತ್ತದೆ, ದೀಪವೂ ಆರುತ್ತದೆ. ಬಟ್ಟೆ ಒಗೆಯುವವರ ಮುಂದೆ ಆರಿದೆಯೇ ನೋಡಿ ಎಂದರೆ ಅವರು ಇನ್ನೇನನ್ನು ನೋಡುತ್ತಾರೆ? ಬಿಸಿಗಾಳಿಯೊಳಗೆ ಕೂತಿದ್ದ ಅವನಿಗೆ ಬೆನ್ನು ತಣ್ಣಗಾಯಿತು.

ದೀಪ ಇತ್ತು. ಅವನೇ ಬರೆದಿದ್ದ, ಅವನೇ ಒರೆಸಿದ್ದ. ಆಯುಧಪೂಜೆಯ ಹಿಂದಿನ ಸಂಜೆ, ಪೂಜೆಗೆ ಎಲ್ಲ ಯಂತ್ರಗಳೂ ತೊಳೆದು ಒರೆಸಿ ನಿಂತಿದ್ದಾಗ, ಹಳದಿ ಬಣ್ಣದ ಡಬ್ಬಿ ಹಿಡಿದುಕೊಂಡು ಅವನು ‘ದೀಪ ಆರಿದೆಯೇ’ ಎಂದು ದುಂಡಗೆ ಬರೆದು, ಎರಡು ಹೆಜ್ಜೆ ಹಿಂದೆ ಸರಿದು ನೋಡಿದ್ದ. ಹೊಸ ಯಂತ್ರ, ನಾಳೆ ಪೂಜೆ, ಹಣೆಯ ಮೇಲೆ ದೀಪ ಆರಿದೆಯೇ. ಸಂಘದ ವೇದಿಕೆಯಲ್ಲಿ ಮೂಢನಂಬಿಕೆಯ ಮೇಲೆ ಅವನು ಮಾಡಿದ ಭಾಷಣವನ್ನು ಕಾರ್ಖಾನೆ ಇನ್ನೂ ಮರೆತಿರಲಿಲ್ಲ, ಅಂದು ಊಟ ತಡವಾದದ್ದೂ ಅದಕ್ಕೆ ಒಂದು ಕಾರಣ. ಬೆಕ್ಕು ಅಡ್ಡ ಬಂದರೆ ಬೇಕೆಂದೇ ಮುಂದೆ ಹೋಗುವವನು, ಅಮಾವಾಸ್ಯೆಯ ದಿನವೇ ಕ್ಷೌರ ಮಾಡಿಸಿಕೊಂಡು ಕ್ಷೌರಿಕನನ್ನು ಕಂಗೆಡಿಸಿದವನು. ಅಂಥವನು ಅತ್ತಿತ್ತ ನೋಡಿ, ಚಿಂದಿಗೆ ಸೀಮೆಎಣ್ಣೆ ಅದ್ದಿ ಆ ಮೊದಲ ಪದವನ್ನು ಒರೆಸಿಬಿಟ್ಟಿದ್ದ. ಅಡಕವಾಗಿ ಬರೆದರೆ ಚೆನ್ನ, ಹಳಗನ್ನಡದವರು ಇಷ್ಟೂ ಬರೆಯುತ್ತಿರಲಿಲ್ಲ ಎಂದು ತನಗೆ ತಾನೇ ವಿವರಣೆಯನ್ನೂ ಕೊಟ್ಟುಕೊಂಡಿದ್ದ. ಸಾಲಿನ ಎಡಗಡೆ ಖಾಲಿ ಜಾಗ ಉಳಿಯಿತು. ಮಾರನೆಯ ದಿನ ಪೂಜೆಯಲ್ಲಿ ಭಾಗ್ಯಮ್ಮ ಅಲ್ಲಿಗೇ ಸರಿಯಾಗಿ ಅರಿಶಿನ ಕುಂಕುಮ ಹಚ್ಚಿದಳು. ಜಾಗ ಬಿಟ್ಟದ್ದೇ ಅದಕ್ಕೆ ಎಂದುಕೊಂಡಿರಬೇಕು.

ಅವ್ವಾ, ದೀಪ ಆರೋಯ್ತು. ಈ ಮಾತು ಹೇಳಿದ ಹುಡುಗ ನರಸಪ್ಪನಿಗೆ ಆಗಿನ್ನೂ ಹಾಲುಹಲ್ಲು ಬೀಳುತ್ತಿದ್ದವು. ಹಟ್ಟಿಯ ಒಳಕೋಣೆಯಲ್ಲಿ ಅಪ್ಪ ಮಲಗಿದ್ದ, ಅವನ ಕಣ್ಣು ಅರಿಶಿನದ ಹಾಗಾಗಿತ್ತು, ಸುತ್ತ ದೊಡ್ಡವರು ಪಿಸುಗುಟ್ಟುತ್ತಿದ್ದರು. ಗೂಡಿನ ದೀಪವನ್ನು ಅಪ್ಪನ ತಲೆಯ ಹತ್ತಿರ ಇಡು ಎಂದು ಅವ್ವ ಹೇಳಿದ್ದಳು. ಹೊಸ್ತಿಲು ದಾಟುವಾಗ ಗಾಳಿ ಬಂತೋ, ಕಾಲು ತಾಗಿತೋ. ಕತ್ತಲಾಯಿತು. ಕತ್ತಲಲ್ಲಿ ಅವನ ದನಿ ಎಲ್ಲರಿಗೂ ಕೇಳಿಸುವಷ್ಟು ಗಟ್ಟಿಯಾಗಿ ಬಂತು. ಪಿಸುಮಾತು ನಿಂತಿತು. ಅವ್ವ ಬಂದು ಕೆನ್ನೆಗೆ ಹೊಡೆದಳು. ಅದೇ ವಾರ ಅಪ್ಪ ಹೋದ. ಯಾರೂ ಅವನಿಗೆ ಏನೂ ಹೇಳಲಿಲ್ಲ. ಹೇಳದೇ ಇದ್ದದ್ದರಿಂದಲೇ ಅವನಿಗೆ ಖಾತ್ರಿಯಾಯಿತು. ಮುಂದೆ ಓದಿದ, ಪುಸ್ತಕಗಳನ್ನು ಓದಿದ, ಮಾತಿಗೂ ಸಾವಿಗೂ ನಂಟಿಲ್ಲವೆಂದು ನೂರು ಜನರೆದುರು ಮೇಜು ಗುದ್ದಿ ಹೇಳಿದ. ಹೇಳುವಾಗಲೆಲ್ಲ ಎಡಗೆನ್ನೆ ಸಣ್ಣಗೆ ಚುರುಗುಟ್ಟುತ್ತಿತ್ತು.

ಅವರಿಬ್ಬರೂ ಇನ್ನೊಂದು ಕಂತು ಒದ್ದೆ ಕೋಟು ತರಲು ಹೊರಗೆ ಹೋದಾಗ ಅವನು ತಗಡನ್ನು ಮುಚ್ಚಿ, ಗೋಡೆ ಹಿಡಿದುಕೊಂಡು, ಜೋಮು ಹಿಡಿದ ಕಾಲನ್ನು ಕೈಯಲ್ಲೇ ಎತ್ತಿಟ್ಟುಕೊಂಡು ಈಚೆ ಬಂದ. ಬೋರ್ಡಿನ ಮುಂದೆ ನಿಂತ. ಕುಂಕುಮದ ಅಡಿಯಲ್ಲಿ, ಗೊತ್ತಿದ್ದವರಿಗೆ ಮಾತ್ರ ಕಾಣುವ ಹಾಗೆ, ದೀ ಅಕ್ಷರದ ಒಂದು ಕೊಂಕು ಇನ್ನೂ ಉಳಿದಿತ್ತು. ಈಗಲೇ ಅವರನ್ನು ಕರೆದು ಹೇಳಿಬಿಟ್ಟರಾಯಿತು. ಹೇಳಲಿಲ್ಲ. ಹೇಳಿದರೆ ಯಾಕೆ ಒರೆಸಿದಿರಿ ಎಂದು ಕೇಳುತ್ತಾರಲ್ಲ. ವರಾಂಡದಲ್ಲಿ ಎದುರಾದ ಅಶ್ವತ್ಥಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿ, “ಸಾರ್, ತಲೆ ಎಲ್ಲಾ ಬೆಳ್ಳಗಾಗೈತೆ,” ಎಂದಳು. “ವಯಸ್ಸಾಯ್ತಮ್ಮ,” ಎಂದು ಅವನು ಬೇಗ ಬೇಗ ನಡೆದ. ಸಂಜೆ ಚಂದಾಪುರದವರೆಗೂ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿಕೊಂಡು ಕೂತಿದ್ದ.

ಮನೆಯಲ್ಲಿ ಅವ್ವ ಚಿಕ್ಕಮುನಿಯಮ್ಮ ಪಡಸಾಲೆಯಲ್ಲಿ ಕಾಲು ಚಾಚಿಕೊಂಡು ಮೊರದಲ್ಲಿ ಹುರುಳಿ ಆರಿಸುತ್ತಿದ್ದಳು. ಆರಿಸುವುದು ಎಂದರೆ ಇದೂ ಒಂದು ಎಂದು ನರಸಪ್ಪನಿಗೆ ಹೊಳೆದು, ಈ ಭಾಷೆಯ ಮೇಲೆ ಅವನಿಗಿದ್ದ ಅಭಿಮಾನ ಮೊದಲ ಬಾರಿಗೆ ಸ್ವಲ್ಪ ಅಲುಗಿತು. ಕೈಕಾಲು ತೊಳೆದು ಬಂದು ಅವಳ ಪಕ್ಕ ಕೂತ. ಒಂದು ಹಿಡಿ ಹುರುಳಿ ತೆಗೆದುಕೊಂಡು ಕಲ್ಲು ಹುಡುಕುವವನ ಹಾಗೆ ನೋಡಿದ. ಇಷ್ಟು ವರ್ಷ ಒಂದೇ ಸೂರಿನಡಿ ಇದ್ದೂ ಕೇಳದ ಮಾತನ್ನು ಕೇಳುವುದಕ್ಕೆ ಒಂದು ಒಳ್ಳೆಯ ಮುಹೂರ್ತ ಹುಡುಕುತ್ತಿದ್ದಾನೆಂದು ಅವನಿಗೇ ನಾಚಿಕೆಯಾಯಿತು.

“ಅವ್ವಾ, ಅಪ್ಪ ಉಷಾರಿಲ್ದೆ ಮಲಗಿದ್ದಾಗ ನಾನೊಂದ್ಸಲ ದೀಪ ಕೆಡವಿದ್ದೆ, ನೆಪ್ಪೈತಾ?” ಕಾರ್ಖಾನೆಯ ಕನ್ನಡ ಹೊಸ್ತಿಲಲ್ಲೇ ಉಳಿದು, ಬಾಯಿಗೆ ಹಳೆಯ ಮಾತು ಬಂದಿತ್ತು.

“ಯಾವ್ ದೀಪವೋ?”

“ಗೂಡಿನ ದೀಪ. ನಾನು ಅದೇನೋ ಅಂದೆ. ನೀನು ಒಡ್ದೆ.”

ಚಿಕ್ಕಮುನಿಯಮ್ಮ ಮೊರ ಕುಲುಕುವುದನ್ನು ನಿಲ್ಲಿಸಿ ಯೋಚಿಸಿದಳು.

“ಊಂ, ಒಡ್ದಿದ್ದೆ,” ಎಂದಳು. “ಒಡೀದೆ ಮುದ್ದು ಮಾಡ್ಲಾ? ಪಕ್ಕದ ಮನೇಲಿ ಈಸ್ಕೊಂಡ್ ಬಂದಿದ್ದ ಅಳ್ಳೆಣ್ಣೆ, ಒಂದ್ ತೊಟ್ಟೂ ಉಳೀದಂಗೆ ನೆಲಕ್ಕೆ ಸುರುದ್ಯಲ್ಲೋ. ಒಂದ್ ವಾರ ಆ ಜಾರಿಕೆ ಓಗ್ಲಿಲ್ಲ. ನಿಮ್ ದೊಡ್ಡಪ್ಪ ಜಾರಿ ಬಿದ್ದು ಸೊಂಟ ಇಡ್ಕಂಡ.”

“ಎಣ್ಣೆಗಾ ಒಡ್ದಿದ್ದು?”

“ಮತ್ಯಾಕೆ?”

“ನಾನು... ದೀಪ ಆರೋಯ್ತು ಅಂದೆ. ಅಪ್ಪ ಅದೇ ವಾರ...”

ಅವಳು ಅವನ ಮುಖವನ್ನೇ ನೋಡಿದಳು. ತಲೆಯಲ್ಲಿ ಇನ್ನೂ ಒಂದೆಳೆ ನೂಲಿನ ಹೊಟ್ಟು ಸಿಕ್ಕಿಕೊಂಡಿತ್ತು, ಅದನ್ನು ಚಿವುಟಿ ತೆಗೆದಳು. “ನಿಮ್ಮಪ್ಪಂಗೆ ಕಾಮಾಲೆ ಕಣೋ. ಸೊಪ್ಪಿನ್ ರಸ ಕುಡ್ಸಾದು ತಡ ಆಯ್ತು. ನೀನಂದ್ರೆ ಓಗಾಕೆ ಜೀವ ಏನ್ ಬಸ್ಸಾ? ಇಷ್ಟ್ ದೊಡ್ಡೋನಾಗಿ ಮೀಸೆ ನರ್ತೈತೆ, ಇದನ್ನ ಒಟ್ಟೆಲಿಕ್ಕಂಡಿದ್ಯಾ?” ಎಂದಳು. ಬೈಗುಳದ ದನಿಯೇ, ಆದರೆ ಕೈ ಅವನ ತಲೆಯ ಮೇಲೆ ಇನ್ನೂ ಸ್ವಲ್ಪ ಹೊತ್ತು ಇತ್ತು. ನರಸಪ್ಪನಿಗೆ ನಗು ಬಂತು. ಒಂದಷ್ಟು ಹರಳೆಣ್ಣೆಗಾಗಿ ಇಷ್ಟು ವರ್ಷ ನವೆದದ್ದು ನೆನೆದು ಅಳು ಬಂದರೆ ಅದನ್ನು ಯಾವ ಲೆಕ್ಕಕ್ಕೆ ಸೇರಿಸಬೇಕೋ ತಿಳಿಯಲಿಲ್ಲ.

“ಅಂಗಾದ್ರೆ ದೀಪ ಆರ್ತು ಅಂದ್ರೆ ಏನೂ ಆಗಕ್ಕಿಲ್ಲ?”

“ಏನಾಗ್ತದೆ? ಏನೂ ಆಗಕ್ಕಿಲ್ಲ.” ಅವಳು ಮತ್ತೆ ಮೊರ ಕುಲುಕಿದಳು. “ಆದ್ರೂ ಅಂಗನ್ಬಾರ್ದು.”

“ಯಾಕೆ?”

“ಕೇಳ್ದೋರ್ ಎದೆ ಝಲ್ ಅನ್ನಲ್ವೇನೋ? ಅವತ್ತು ನಂಗೆ ಅಂದಿತ್ತು.” ಹುರುಳಿಯಲ್ಲಿ ಸಿಕ್ಕ ಕಲ್ಲೊಂದನ್ನು ಅಂಗಳಕ್ಕೆ ಎಸೆದಳು.

ಬೆಳಿಗ್ಗೆ ಅವನು ಮೊದಲ ಬಸ್ಸಿಗೇ ಹೋದ. ಹೆಜ್ಜೆ ಹಗುರಾಗಿತ್ತು. ವಿಚಾರವಾದಿಯಾಗಿ ಇಷ್ಟು ವರ್ಷ ಮೇಜು ಗುದ್ದಿದ್ದು ಸಾಲದು, ಇವತ್ತು ನಿಜವಾಗಿ ಆಗುವುದು ಎಂಬ ಹುಮ್ಮಸ್ಸು. ಹಳದಿ ಬಣ್ಣದ ಡಬ್ಬಿ ತೆರೆದ. ಕುಂಕುಮವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದ, ಒರೆಸಿ ಬಲಗಡೆ ಮೂಲೆಗೆ ಒಂದು ಬೊಟ್ಟು ಇಟ್ಟುಬಿಟ್ಟ, ವಿಚಾರವಾದದಲ್ಲಿ ಅಷ್ಟು ರಿಯಾಯಿತಿ ಇರಲಿ ಎಂದು. ಖಾಲಿ ಜಾಗದಲ್ಲಿ ದುಂಡಗೆ ಬರೆದ: ದೀಪ. ಕೆನ್ನೆ ಚುರುಗುಟ್ಟಲಿಲ್ಲ. ಎರಡು ಹೆಜ್ಜೆ ಹಿಂದೆ ಸರಿದು ಓದಿಕೊಂಡು, ಎಷ್ಟು ಸುಲಭ, ಮಗುವಿಗೂ ಅರ್ಥವಾಗುತ್ತದೆ ಎಂದು ಬೀಗುತ್ತಿರುವಾಗ ಹಿಂದೆ ಯಾರೋ ನಿಂತ ಹಾಗಾಯಿತು.

ಭಾಗ್ಯಮ್ಮ ಆಸ್ಪತ್ರೆಯಿಂದ ನೇರ ಬಂದಿದ್ದಳು. ಕೈಯಲ್ಲಿ ಇನ್ನೂ ಗಂಜಿ ಒಯ್ದ ಹಿಡಿಕೆಯ ತೂಕುಪಾತ್ರೆ. ಕೆದರಿದ ತಲೆ, ನಿದ್ದೆಯಿಲ್ಲದ ಕಣ್ಣು. ಅವಳು ತುಟಿ ಅಲುಗಿಸುತ್ತ ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ದೀ, ಪ. ದೀಪ. ಆ, ರಿ, ದೆ. ಅಷ್ಟಕ್ಕೆ ನಿಂತಳು. ತೂಕುಪಾತ್ರೆಯ ಮುಚ್ಚಳ ಸಣ್ಣಗೆ ಸದ್ದು ಮಾಡಿತು.

“ಬಿಡ್ತು ಅನ್ನಿ ಸಾರ್,” ಎಂದಳು.

ನರಸಪ್ಪನ ಬಾಯಲ್ಲಿ ಭಾಷಣ ಸಿದ್ಧವಾಗಿತ್ತು. ನೋಡಮ್ಮಾ, ಮಾತಿಗೂ ಸಾವಿಗೂ ಎಂದು ಶುರುವಾಗುವ ಭಾಷಣ. ಅದರ ಪ್ರತಿ ಮಾತೂ ನಿಜವಾಗಿತ್ತು, ನಿನ್ನೆ ಸಂಜೆಯಿಂದಂತೂ ಇನ್ನೂ ನಿಜವಾಗಿತ್ತು. ಅವಳ ಮುಖ ನೋಡಿದ. ಅವತ್ತು ಕತ್ತಲಲ್ಲಿ ಅವ್ವನ ಮುಖ ಅವನಿಗೆ ಕಂಡಿರಲಿಲ್ಲ. ಹೀಗಿದ್ದಿರಬೇಕು.

“ಬಿಡ್ತು,” ಎಂದ. ಅವಳಿಗೆ ಸಾಲದೇನೋ ಎಂದು ಇನ್ನೊಮ್ಮೆ ಗಟ್ಟಿಯಾಗಿ, “ಬಿಡ್ತು, ಬಿಡ್ತು,” ಎಂದ. ಆಮೇಲೆ, “ಹೇಗಿದ್ದಾರಮ್ಮ ಮನೆಯವರು?” ಎಂದು ಕೇಳಿದ.

“ರಾತ್ರಿ ಜ್ವರ ಬಿಟ್ಟೈತೆ ಸಾರ್. ಎದ್ ಕೂತಿದ್ರು.”

ಅವನು ಚಿಂದಿಗೆ ಸೀಮೆಎಣ್ಣೆ ಅದ್ದಿದ. ಈ ಸಲ ದೀಪವನ್ನು ಬಿಟ್ಟು ಅದರ ಪಕ್ಕದ್ದನ್ನು ಕೆರೆದು ಒರೆಸಿದ. ಅದೇ ಚಿಂದಿ, ಅದೇ ಸೀಮೆಎಣ್ಣೆ, ಅದೇ ಕೈ. ಆದರೆ ಆ ಸಂಜೆ ಅತ್ತಿತ್ತ ನೋಡಿ ಕಳ್ಳನ ಹಾಗೆ ಒರೆಸಿದ್ದ, ಇವತ್ತು ಒಬ್ಬಳು ಪಕ್ಕದಲ್ಲೇ ನಿಂತು ನೋಡುತ್ತಿದ್ದಳು. ನೋಡುತ್ತಿದ್ದದ್ದು ಅವನಿಗೆ ಹಿತವಾಗಿತ್ತು. “ಏನ್ ಬರೀಲಮ್ಮ? ನಿಮ್ಮನೇಲಿ ಏನಂತೀರಿ?” ಎಂದು ಕೇಳಿದ. “ಶಾಂತ ಆಯ್ತು ಅಂತೀವಿ,” ಎಂದಳು. ಅವನ ಮನೆಯಲ್ಲೂ ಅದೇ. ಅಷ್ಟು ಹತ್ತಿರದಲ್ಲಿದ್ದ ಮಾತು. ಅವನು ಬರೆದ: ಕೆಂಪು ದೀಪ ಶಾಂತವಾಗಿದೆಯೇ ಎಂದು ಆಗಾಗ ನೋಡಿ. ದೀಪ ಶಾಂತವಾದ ಮೇಲೆ ಬಾಗಿಲು ತೆರೆಯಿರಿ. ಕೆಂಪು ಎಂಬುದಕ್ಕೆ ಜಾಗ ಸಾಲದೆ ಅದು ಮೇಲುಗಡೆ ಪುಟ್ಟದಾಗಿ ಕೂತಿತು.

“ಈ ಕೆಂಪು ಲೈಟಾ?” ಎಂದು ಭಾಗ್ಯಮ್ಮ ಕಣ್ಣರಳಿಸಿದಳು. “ಅಯ್ಯೋ ಶಿವನೇ. ನಾವು ಬಟ್ಟೆ ಅಂತಿದ್ವಲ್ಲ ಸಾರ್!”

“ನೀವು ಸರಿಯಾಗೇ ಓದಿದ್ರಿ. ನಾನು ಬರೆದಿದ್ದು ತಪ್ಪು,” ಎಂದ ನರಸಪ್ಪ. ಹೇಳಿದ ಮೇಲೆ ಅಷ್ಟೇನೂ ನೋಯಲಿಲ್ಲ.

ಮ್ಯಾನೇಜರ್ ಸಾಹೇಬರು ಬಂದಾಗ ಯಂತ್ರ ತಿರುಗುತ್ತಿತ್ತು. ಹೆಂಗಸರಿಬ್ಬರೂ ದೀಪವನ್ನೇ ದಿಟ್ಟಿಸುತ್ತ ನಿಂತಿದ್ದರು. ಅಭ್ಯಾಸಬಲದಿಂದ ಅಶ್ವತ್ಥಮ್ಮನ ಕೈ ಒಮ್ಮೆ ಬಾಗಿಲ ಕಡೆ ಹೋಯಿತು, ಭಾಗ್ಯಮ್ಮ ಅದಕ್ಕೆ ಪಟ್ಟೆಂದು ಹೊಡೆದಳು. ಪೀಪಾಯಿ ನಿಧಾನವಾಯಿತು. ಇನ್ನೊಂದು ಸುತ್ತು ಬರಲೋ ಬೇಡವೋ ಎಂದು ತೂಗಾಡಿತು. ನಿಂತಿತು. ಕೋಣೆಯಲ್ಲಿ ಇದ್ದಕ್ಕಿದ್ದಂತೆ ಹೊರಗಿನ ಕಾಗೆಯ ಕೂಗು ಕೇಳಿಸಿತು. “ಶಾಂತವಾಯ್ತು ಸಾರ್,” ಎಂದು ಭಾಗ್ಯಮ್ಮ ಹೇಳಿ ಬಾಗಿಲು ತೆಗೆದಳು.

“ಏನಾಗಿತ್ತು?” ಎಂದರು ಸಾಹೇಬರು.

ವೋಲ್ಟೇಜು ನಾಲಿಗೆಯ ತುದಿಗೆ ಬಂತು, ಅದರ ಹಿಂದೆ ಥರ್ಮೋಸ್ಟ್ಯಾಟೂ ಸಾಲು ಹಿಡಿದು ನಿಂತಿತ್ತು. ಯಾವುದನ್ನು ಹೇಳಿದರೂ ಸಾಹೇಬರು ನಂಬುತ್ತಿದ್ದರು, ಬೋರ್ಡುಗಳೂ ಉಳಿಯುತ್ತಿದ್ದವು. ಇಬ್ಬರು ಹೆಂಗಸರೂ ಅವನನ್ನೇ ನೋಡುತ್ತಿದ್ದರು.

“ಬೋರ್ಡು ಸಾರ್. ಮೆಷಿನ್ ಸರಿಯಾಗೇ ಇತ್ತು, ಇವರೂ ಬರೆದ ಹಾಗೇ ಮಾಡಿದ್ರು. ನಾನು ಒಂದು ಪದ ಬಿಟ್ಟಿದ್ದೆ. ಒಂದು ಅಂದ್ರೆ, ದೀಪ ಅನ್ನೋದು. ದೀಪ ಆರೋದು ಅಂತ ನಮ್ಮಲ್ಲಿ ಬರೆಯೋ ಹಾಗಿಲ್ಲ ಸಾರ್, ಅದಕ್ಕೆ.”

ಸಾಹೇಬರು ಬೋರ್ಡಿನ ಹತ್ತಿರ ಹೋಗಿ, ತಮಗೆ ಬರುವಷ್ಟು ಕನ್ನಡದಲ್ಲಿ ಅಕ್ಷರ ಅಕ್ಷರ ಓದಿದರು. ಭಾಗ್ಯಮ್ಮ ಓದಿದ್ದಕ್ಕಿಂತ ನಿಧಾನವಾಗಿ ಓದಿದರು. “ಶಾಂತ,” ಎಂದರು. “ನಮ್ಮ ಮರಾಠಿಯಲ್ಲೂ ಹೀಗೇ. ನನ್ನ ಆಯೀನೂ ದೀಪಕ್ಕೆ ಬೇರೆ ಏನೂ ಹೇಳಲು ಬಿಡುತ್ತಿರಲಿಲ್ಲ,” ಎಂದರು. ಗಡಿಯಾರ ನೋಡಲಿಲ್ಲ. “ಎಲ್ಲಾ ಬೋರ್ಡ್ ಬರೆಯಿರಿ ನರಸಪ್ಪ. ಆದರೆ ಬರೆದ ಮೇಲೆ ಮೊದಲು ಇವರ ಹತ್ತಿರ ಓದಿಸಿ. ಇವರು ಓದಿ, ಮೆಷಿನ್ ನಡೆಸಿ ತೋರಿಸಿದ ಮೇಲೆ ಹಾಕಿ.”

ನರಸಪ್ಪನ ಎದೆ ತುಂಬಿ ಬಂತು. ಅವನ ಎದೆ ತುಂಬಿದರೆ ಏನಾಗುತ್ತದೆಂದು ಕಾರ್ಖಾನೆಗೆ ಗೊತ್ತಿದ್ದದ್ದೇ. “ಸಾರ್, ಇದು ನನ್ನ ಗೆಲುವಲ್ಲ,” ಎಂದು ಶುರುಮಾಡಿದ. ನೋಡಿ ಸಾರ್, ಆರು ಅನ್ನೋ ಒಂದೇ ಪದ, ಬಟ್ಟೆಗೂ ಅದೇ, ಅನ್ನಕ್ಕೂ ಅದೇ, ಗಾಯಕ್ಕೂ ಅದೇ ಎಂದ. ಲೆಕ್ಕದಲ್ಲಿ ಐದಾದ ಮೇಲೆ ಬರೋದೂ ಅದೇ ಎಂದ. ಇಂಥ ಸಂಪತ್ತು ಯಾವ ಭಾಷೆಯಲ್ಲಿದೆ, ಜರ್ಮನಿಯವರಿಗಿದೆಯೇ ಎಂದು ಕೇಳಿ, ಉತ್ತರಕ್ಕೆ ಕಾಯದೆ, ಕಾರ್ಮಿಕನ ಕೈಯಲ್ಲಿ ಭಾಷೆ ಎಂಬ ಭಾಗಕ್ಕೆ ಹೊರಳಿ, ಅಲ್ಲಿಂದ ತನ್ನ ಅವ್ವನ ಹುರುಳಿಯ ಮೊರಕ್ಕೆ ಬಂದು ಹರಳೆಣ್ಣೆಯ ಹತ್ತಿರ ತಿರುಗುತ್ತಿದ್ದ. ಸಾಹೇಬರ ಮುಖದ ನಗು ಇದ್ದಲ್ಲೇ ಒಣಗತೊಡಗಿತ್ತು. ಹಿಂದಿನಿಂದ, ಕೋಟು ಮಡಿಸುತ್ತಿದ್ದ ಅಶ್ವತ್ಥಮ್ಮನ ಪಿಸುಮಾತು ಅವನಿಗೆ ಸ್ಪಷ್ಟವಾಗಿ ಕೇಳಿಸಿತು.

“ಅಕ್ಕಾ, ಸಾರ್‌ದು ಇನ್ನೂ ಶಾಂತ ಆಗಿಲ್ಲ.”

“ಸುಮ್ಕಿರೇ. ನಡುವೆ ತೆಗುದ್ರೆ ಮತ್ತೆ ಮೊದ್ಲಿಂದ ಶುರುವಾಯ್ತದೆ,” ಎಂದಳು ಭಾಗ್ಯಮ್ಮ, ಮತ್ತು ಗಂಡ ಆಸ್ಪತ್ರೆ ಸೇರಿದಂದಿನಿಂದ ಮೊದಲ ಸಲ, ತಡೆದುಕೊಳ್ಳದೆ, ಬಿಸಿ ಕೋಟಿನಲ್ಲಿ ಮುಖ ಮುಚ್ಚಿಕೊಂಡು ನಕ್ಕಳು.

ನರಸಪ್ಪ ಒಂದು ವಾಕ್ಯದ ನಡುವೆ ಇದ್ದ. ಕ್ರಿಯಾಪದ ಇನ್ನೂ ದೂರವಿತ್ತು. ಅವನು ಆ ನಗುವನ್ನು ಕೇಳಿದ, ಬಾಯಿ ಮುಚ್ಚಿದ, ತಂತಾನೇ ನಿಂತ.